ಮಳೆಗಾಲದ ಕೂಟಗಳಲ್ಲಿ ಆಟ

ಕೊಡಗಿನಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಸುಲಭಕ್ಕೆ ಬಿಡುವುದಿಲ್ಲ. ಕಕ್ಕಡ ತಿಂಗಳಲ್ಲಂತೂ ಅಂಗಳಕ್ಕೆ ಇಳಿಯುವುದೇ ಕಷ್ಟ. ಆ ದಿನಗಳಲ್ಲಿ ಪೆರ್ನಾಳ್ ಬರಲಿ, ಅಖೀಕಾ ಇರಲಿ, ಮದುವೆಯ ಮದರಂಗಿ ರಾತ್ರಿ ಇರಲಿ, ನೆಂಟರೆಲ್ಲ ಒಂದೇ ಸೂರಿನಡಿ ಸೇರಬೇಕು. ಊಟವಾದ ಮೇಲೆ ಹಿರಿಯರು ಮಾತಿಗೆ ಕೂರುತ್ತಾರೆ. ಮಕ್ಕಳು “ಏನಾದರೂ ಆಡೋಣ” ಎಂದು ಹಟ ಹಿಡಿಯುತ್ತಾರೆ. ಆಗ ಕೆಲವು ಮನೆಗಳಲ್ಲಿ, ಆಟವೆಲ್ಲ ಹರಾಮ್ ಎಂದು ಗದರಿಸಿ ಕೂರಿಸುತ್ತಾರೆ. ಇನ್ನು ಕೆಲವು ಮನೆಗಳಲ್ಲಿ, ಏನು ಬೇಕಾದರೂ ಮಾಡಿಕೊಳ್ಳಲಿ ಎಂದು ಮೊಬೈಲನ್ನು ಕೈಗೆ ಕೊಟ್ಟು ಸುಮ್ಮನಾಗುತ್ತಾರೆ. ಇವೆರಡೂ ಪ್ರವಾದಿವರ್ಯರು(ಸ) ತೋರಿಸಿದ ದಾರಿಯಲ್ಲ.

ಆಟಕ್ಕೆ ದೀನಿನಲ್ಲಿ ಸ್ಥಾನವಿದೆ

ಹ. ಆಯಿಶಾ(ರ) ತಮ್ಮ ಗೆಳತಿಯರೊಂದಿಗೆ ಗೊಂಬೆಯಾಟ ಆಡುತ್ತಿದ್ದರು. ಪ್ರವಾದಿ(ಸ) ಒಳಗೆ ಬಂದಾಗ ಆ ಹುಡುಗಿಯರು ಸಂಕೋಚದಿಂದ ಅಡಗಿಕೊಳ್ಳುತ್ತಿದ್ದರು. ಪ್ರವಾದಿಯವರೇ(ಸ) ಅವರನ್ನು ಮತ್ತೆ ಆಟಕ್ಕೆ ಕಳುಹಿಸುತ್ತಿದ್ದರು ಎಂದು ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಈದ್ ದಿನ ಹಬ್ಶಿಗಳು ಮಸೀದಿಯಲ್ಲಿ ಈಟಿ, ಗುರಾಣಿ ಹಿಡಿದು ಆಡಿದರು. ತಮಗೆ ಸಾಕೆನಿಸುವವರೆಗೂ ಪ್ರವಾದಿಯವರ(ಸ) ಹೆಗಲ ಮರೆಯಲ್ಲಿ ನಿಂತು ಅದನ್ನು ನೋಡಿದೆನೆಂದು ಹ. ಆಯಿಶಾ(ರ) ಹೇಳಿದ್ದಾರೆ. ಸಹಾಬಿಗಳು ತಮಾಷೆಗೆ ಕಲ್ಲಂಗಡಿ ಸಿಪ್ಪೆಯನ್ನು ಒಬ್ಬರ ಮೇಲೊಬ್ಬರು ಎಸೆಯುತ್ತಿದ್ದರೆಂದೂ, ಗಂಭೀರ ಸಂದರ್ಭ ಬಂದಾಗ ಅವರೇ ಧೀರ ಪುರುಷರಾಗಿ ನಿಲ್ಲುತ್ತಿದ್ದರೆಂದೂ ಇಮಾಮ್ ಬುಖಾರಿ(ರ) ‘ಅಲ್ ಅದಬುಲ್ ಮುಫ್ರದ್’ನಲ್ಲಿ ದಾಖಲಿಸಿದ್ದಾರೆ. ಆದ್ದರಿಂದ ಆಡಬಹುದೇ ಎಂಬುದಕ್ಕಿಂತ ಯಾವ ಆಟ, ಹೇಗೆ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಗೆರೆ ಎಲ್ಲಿದೆ?

ಪವಿತ್ರ ಕುರ್‌ಆನ್ ಜೂಜನ್ನು ನಿಷೇಧಿಸುವಾಗ ಅದರ ಕಾರಣವನ್ನೂ ತಿಳಿಸಿದೆ. ಶೈತಾನನು ಮದ್ಯ ಮತ್ತು ಜೂಜಿನ ಮೂಲಕ ನಿಮ್ಮ ನಡುವೆ ವೈರ, ದ್ವೇಷ ಬಿತ್ತಲು ಬಯಸುತ್ತಾನೆ; ಅಲ್ಲಾಹನ ಸ್ಮರಣೆಯಿಂದಲೂ ನಮಾಝ್‌ನಿಂದಲೂ ನಿಮ್ಮನ್ನು ತಡೆಯಲು ಬಯಸುತ್ತಾನೆ ಎಂಬುದು ಆ ಆಯತ್‌ನ ಸಾರ (ಅಲ್ ಮಾಇದ: 91). ಜೂಜು ಎಂದಕೂಡಲೇ ನಮಗೆ ಪೇಟೆಯ ಇಸ್ಪೀಟು ಅಡ್ಡೆ ನೆನಪಾಗುತ್ತದೆ. ಆದರೆ ಕೂಟಗಳಲ್ಲಿ ಹತ್ತು ರೂಪಾಯಿಗೆ ಟಿಕೆಟ್ ಮಾರಿ, ಆ ಹಣದಿಂದಲೇ ಗೆದ್ದವರಿಗೆ ಬಹುಮಾನ ಹಂಚುವ ತಂಬೋಲಾ ಕೂಡ ಅದೇ ಜಾತಿಯದು. ಎಲ್ಲರೂ ಹಣ ಹಾಕಿ, ಅದೃಷ್ಟವಿದ್ದವನು ಒಯ್ಯುತ್ತಾನೆ. ಮೊತ್ತ ಚಿಕ್ಕದೆಂಬ ಕಾರಣಕ್ಕೆ ಹುಕುಮ್ ಬದಲಾಗುವುದಿಲ್ಲ. ಬಾ, ಜೂಜಾಡೋಣ ಎಂದು ಬಾಯಲ್ಲಿ ಕರೆದವನೂ ಪ್ರಾಯಶ್ಚಿತ್ತವಾಗಿ ಸದಕಾ ಕೊಡಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ.

ಹಣವಿಲ್ಲದಿದ್ದರೂ ದಾಳದಾಟವನ್ನು ಪ್ರವಾದಿ(ಸ) ಬಲವಾಗಿ ವಿರೋಧಿಸಿದ್ದಾರೆ. ನಮ್ಮಲ್ಲಿ ಬಹುಪಾಲು ಮನೆಯವರು ಅನುಸರಿಸುವ ಶಾಫಿಈ ಮದ್ಹಬ್‌ನ ವಿದ್ವಾಂಸರು ಇದಕ್ಕೆ ಒಂದು ಸರಳ ಅಳತೆಗೋಲು ಕೊಟ್ಟಿದ್ದಾರೆ. ಲೆಕ್ಕ ಮತ್ತು ಆಲೋಚನೆಯ ಮೇಲೆ ನಿಂತ ಆಟ ಹರಾಮ್ ಅಲ್ಲ. ಎಸೆದದ್ದು ಹೇಗೆ ಬಿತ್ತು ಎಂಬುದರ ಮೇಲೆ ನಿಂತ ಆಟ ನಿಷಿದ್ಧ. 16ನೇ ಶತಮಾನದ ಇಮಾಮ್ ಇಬ್ನ್ ಹಜರ್ ಹೈತಮಿ(ರ) ‘ತುಹ್ಫತುಲ್ ಮುಹ್ತಾಜ್’ನಲ್ಲಿ ಮೊದಲನೆಯದಕ್ಕೆ ಕೊಡುವ ಉದಾಹರಣೆ ‘ಮನ್ಕಲ’. ಅಂದರೆ ಕುಳಿಗಳಲ್ಲಿ ಕಲ್ಲುಗಳನ್ನಿಟ್ಟು ಲೆಕ್ಕ ಹಾಕಿ ನಡೆಸುವ ಆಟ. ದರ್ಸ್‌ನಲ್ಲಿ ಈ ಭಾಗ ಓದುವಾಗ ನನಗೆ ಕಣ್ಣಿಗೆ ಬಂದದ್ದು ಅಜ್ಜಿಯ ಚೆನ್ನೆಮಣೆ! ಸಾಲಿಗೆ ಏಳರಂತೆ ಎರಡು ಸಾಲು ಕುಳಿ, ಕುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಯಿ. ಬಯಲುಸೀಮೆಯಲ್ಲಿ ಇದೇ ಅಳಿಗುಳಿಮಣೆ. ಎರಡನೆಯದಕ್ಕೆ ಅವರ ಉದಾಹರಣೆ, ಸಣ್ಣ ಕಡ್ಡಿಗಳನ್ನು ಎಸೆದು ಯಾವ ಬದಿ ಮೇಲೆ ಬಿತ್ತೆಂದು ನೋಡಿ ಆಡುವ ಆಟ. ಕವಡೆ ಎಸೆಯುವ ನಮ್ಮ ಚೌಕಾಬಾರವೂ ದಾಳದ ಲೂಡೋವೂ ಈ ಗುಂಪಿಗೇ ಸೇರುತ್ತವೆ. ಚದುರಂಗದ ಬಗ್ಗೆ ಮದ್ಹಬ್‌ಗಳಲ್ಲಿ ಅಭಿಪ್ರಾಯಭೇದವಿದೆ. ನಿಮ್ಮ ಮಹಲ್ಲಿನ ಉಸ್ತಾದರನ್ನು ಕೇಳಿ ನಡೆಯಿರಿ.

ನಾನು ನಕ್ಕ ದಿನ

ಇಷ್ಟು ಫಿಕ್ಹ್ ಓದಿದ್ದ ನಾನೇ ಒಮ್ಮೆ ಎಡವಿದೆ. ಕೆಲವು ವರ್ಷಗಳ ಹಿಂದೆ ಒಂದು ಮದುವೆ ಮನೆಯಲ್ಲಿ ರಾತ್ರಿ ಮಕ್ಕಳು ಆಡುತ್ತಿದ್ದರು. ಹಣವಿರಲಿಲ್ಲ, ದಾಳವಿರಲಿಲ್ಲ. ಸೋತವರು ನಾಲಿಗೆ ಹೊರಳದ ಸಾಲೊಂದನ್ನು ಬೇಗ ಬೇಗ ಹೇಳಬೇಕೆಂಬುದೇ ಶಿಕ್ಷೆ. ನನ್ನ ಮದ್ರಸದಲ್ಲಿ ಓದುತ್ತಿದ್ದ, ಮಾತು ತೊದಲುವ ಹುಡುಗನೊಬ್ಬ ಸೋತ. ಅವನು ಮೊದಲ ಪದದಲ್ಲೇ ಸಿಕ್ಕಿಕೊಂಡ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ನನ್ನ ಮುಖವನ್ನೇ ನೋಡಿದ. ಮರುವಾರದಿಂದ ಅವನು ತರಗತಿಯಲ್ಲಿ ಹಿಂದಿನ ಬೆಂಚಿಗೆ ಹೋದ. ಕಂಠಪಾಠವಾಗಿದ್ದ ಸೂರಾವನ್ನೂ ಎದ್ದು ನಿಂತು ಓದಲು ಒಪ್ಪಲಿಲ್ಲ.

ಒಂದು ಗುಂಪು ಇನ್ನೊಂದನ್ನು ಅಪಹಾಸ್ಯ ಮಾಡಬಾರದೆಂಬ ಆಯತ್ (ಅಲ್ ಹುಜುರಾತ್: 11) ನಮಗೆಲ್ಲ ಗೊತ್ತು. ಪ್ರಯಾಣದಲ್ಲಿ ಮಲಗಿದ್ದ ಸಂಗಾತಿಯೊಬ್ಬರ ಹಗ್ಗವನ್ನು ಕೆಲವರು ತೆಗೆದುಕೊಂಡಾಗ ಅವರು ಬೆಚ್ಚಿಬಿದ್ದರು. ಮುಸ್ಲಿಮನನ್ನು ಬೆದರಿಸುವುದು ಯಾವ ಮುಸ್ಲಿಮನಿಗೂ ಸಲ್ಲದೆಂದು ಪ್ರವಾದಿ(ಸ) ಆಗ ಹೇಳಿದರು (ಅಬೂದಾವೂದ್). ತಮಾಷೆಗೂ ಒಂದು ಮಿತಿಯಿದೆ. ಆ ಮಿತಿಯನ್ನು ನಗುವವನು ನಿರ್ಧರಿಸುವಂತಿಲ್ಲ.

ಒಂದು ಒಗಟಿನ ಪಾಠ

ಪ್ರವಾದಿ(ಸ) ಸ್ವತಃ ಸಭೆಯಲ್ಲಿ ಒಗಟು ಕೇಳಿದ್ದುಂಟು. ಎಲೆ ಉದುರದ ಮರವೊಂದಿದೆ, ಅದು ಮುಸ್ಲಿಮನಂತೆ, ಯಾವುದದು? ಜನರು ಕಾಡುಮರಗಳನ್ನೆಲ್ಲ ಯೋಚಿಸಿದರು. ಖರ್ಜೂರದ ಮರವೆಂದು ಅಬ್ದುಲ್ಲಾ ಬಿನ್ ಉಮರ್‌ರಿಗೆ(ರ) ಹೊಳೆಯಿತು. ಆದರೆ ಅವರೇ ಎಲ್ಲರಿಗಿಂತ ಕಿರಿಯರು; ಸಂಕೋಚದಿಂದ ಸುಮ್ಮನಾದರು. ಆಮೇಲೆ ತಂದೆಯೊಡನೆ ಹೇಳಿದಾಗ ಹ. ಉಮರ್(ರ), ನೀನು ಹೇಳಿಬಿಟ್ಟಿದ್ದರೆ ನನಗೆ ಬಹಳ ಸಂತೋಷವಾಗುತ್ತಿತ್ತು ಎಂದರು (ಬುಖಾರಿ). ಕೂಟದಲ್ಲಿ ಬಾಯಿಬಿಡದ ಮಗುವಿಗೂ ಉತ್ತರ ಗೊತ್ತಿರಬಹುದು. ಅದರ ಬಾಯಿಂದ ಆ ಉತ್ತರ ಬರುವಂತೆ ನಡೆಸುವ ಆಟವೇ ಒಳ್ಳೆಯ ಆಟ.

ಆಡಿಸಬಹುದಾದ ಕೆಲವು ಆಟಗಳು

ಸಂತೆ ಆಟ: ಎಲ್ಲರೂ ಸುತ್ತ ಕೂರಬೇಕು. ಮೊದಲಿನವರು “ವಿರಾಜಪೇಟೆ ಸಂತೆಯಲ್ಲಿ ಕಿತ್ತಳೆ ತಂದೆ” ಎನ್ನಬೇಕು. ಮುಂದಿನವರು ಕಿತ್ತಳೆ ಜೊತೆಗೆ ಇನ್ನೊಂದು ಸೇರಿಸಬೇಕು. ಪಟ್ಟಿ ಬೆಳೆಯುತ್ತಾ ಹೋಗುತ್ತದೆ. ಮರೆತವರನ್ನು ಹೊರಗೆ ಹಾಕಬೇಡಿ, ಪಕ್ಕದವರು ನೆನಪಿಸಲಿ.

ತಟ್ಟೆ ಆಟ: ತಟ್ಟೆಯಲ್ಲಿ ಇಪ್ಪತ್ತು ವಸ್ತುಗಳನ್ನಿಟ್ಟು ಒಂದು ನಿಮಿಷ ತೋರಿಸಿ ಬಟ್ಟೆ ಮುಚ್ಚಿ. ಪ್ರತಿ ತಂಡದಲ್ಲೂ ಒಬ್ಬ ಅಜ್ಜಿ, ಒಂದು ಮಗು ಇರಲಿ.

ಮೂಸಿ ಹೇಳುವ ಆಟ: ಕಣ್ಣು ಕಟ್ಟಿ ಏಲಕ್ಕಿ, ಕರಿಮೆಣಸು, ಕಾಫಿಪುಡಿ, ಕಾಚಂಪುಳಿ ಮೂಸಲು ಕೊಡಿ. ಓದು ಬಾರದವರೂ ಇದರಲ್ಲಿ ಗೆಲ್ಲುತ್ತಾರೆ.

ಕಿವಿಮಾತು: ಒಂದು ವಾಕ್ಯ ಕಿವಿಯಿಂದ ಕಿವಿಗೆ ಸಾಗಲಿ. ಕೇಳಿಸಿದ್ದನ್ನಷ್ಟೇ ಹೇಳಬೇಕು, ಬೇಕೆಂದೇ ತಿರುಚಬಾರದು. ಕೊನೆಗೆ ಅದು ಏನಾಗಿ ಬಂತೆಂದು ನೋಡಿ ಎಲ್ಲರೂ ನಗುತ್ತಾರೆ. ಆಗ ಮಕ್ಕಳಿಗೆ ಹೇಳಿ: ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನು ಸುಳ್ಳನಾಗಲು ಸಾಕೆಂದು ಪ್ರವಾದಿ(ಸ) ಎಚ್ಚರಿಸಿದ್ದು ಇದಕ್ಕೇ. ಮೊಬೈಲಿನಲ್ಲಿ ಸುದ್ದಿ ದಾಟಿಸುವ ಹಿರಿಯರಿಗೂ ಈ ಪಾಠ ಬೇಕು.

ನೆನಪಿಡಬೇಕಾದುದು

ಪಣ ಬೇಡ. ಸೋತವರಿಗೆ ಶಿಕ್ಷೆಯ ಬದಲು ಮುಂದಿನ ಆಟ ನಡೆಸುವ ಜವಾಬ್ದಾರಿ ಕೊಡಿ. ಯಾರ ನಡಿಗೆಯನ್ನೂ ಮಾತನ್ನೂ ಅಣಕಿಸಬೇಡಿ. ನಗಿಸಲೆಂದು ಸುಳ್ಳು ಹೇಳಬೇಡಿ. ಹೆಂಗಸರ ಕೂಟ ಒಳಕೋಣೆಯಲ್ಲಿ, ಗಂಡಸರದು ಜಗಲಿಯಲ್ಲಿ ಇರಲಿ. ಬಾಂಗ್ ಕೇಳಿದೊಡನೆ ಆಟ ಎಷ್ಟೇ ರಸವತ್ತಾಗಿದ್ದರೂ ಎದ್ದೇಳಿ.

ನಾನು ಆ ಹುಡುಗನ ಮನೆಗೆ ಹೋಗಿ, ಅವನ ತಂದೆಯ ಎದುರಿನಲ್ಲೇ ಅವನಲ್ಲಿ ಕ್ಷಮೆ ಕೇಳಿದೆ. ಅವನು ತಲೆಯಾಡಿಸಿದ. ಮುಂದಿನ ಪೆರ್ನಾಳ್ ಕೂಟದಲ್ಲಿ ತಟ್ಟೆ ಆಟದ ವಸ್ತುಗಳನ್ನು ಜೋಡಿಸುವ ಕೆಲಸ ಅವನದಾಯಿತು. ಎದ್ದು ನಿಂತು ಓದಲು ಅವನಿಗೆ ಮತ್ತೊಂದು ವರ್ಷ ಹಿಡಿಯಿತು. ಒಂದು ಕ್ಷಣದ ನಗುವಿಗೆ ತೆತ್ತ ಬೆಲೆ ಇದು. ಇನ್ನೊಬ್ಬರ ಮನಸ್ಸನ್ನು ಮುರಿಯದೆ ನಗುವ, ನಗಿಸುವ ಸದ್ಬುದ್ಧಿಯನ್ನು ಅಲ್ಲಾಹನು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೀನ್.