ಕೃತಕ ಬುದ್ಧಿಮತ್ತೆ ಮತ್ತು ನಮ್ಮೂರಿನ ಮಂಗನ ಕಾಯಿಲೆ



ಕೃತಕ ಬುದ್ಧಿಮತ್ತೆ ಅಂದರೆ ಬೆಂಗಳೂರಿನವರ ವಿಷಯ, ಹಳ್ಳಿಯವರಿಗೆ ಅದರಿಂದ ಆಗಬೇಕಾದ್ದೇನು ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಆದರೆ ನಮ್ಮ ಊರಿನ ಹೆಸರನ್ನೇ ಹೊತ್ತಿರುವ ಕಾಯಿಲೆ ಎಲ್ಲಿ, ಯಾವಾಗ ಬರಬಹುದು ಎಂದು ಮೊದಲೇ ಹೇಳಲು ಕಂಪ್ಯೂಟರಿಗೆ ಕಲಿಸಿ ನೋಡಿದ್ದಾರೆ. ಅದು ಹೇಳಿದ್ದು ಸರಿಯಾದರೆ ಯಾರಿಗೆ ಲಾಭ, ತಪ್ಪಾದರೆ ಯಾರಿಗೆ ನಷ್ಟ ಎಂಬುದು ನಮಗೆ ಗೊತ್ತಿರಬೇಕು. ಅದಕ್ಕಾಗಿ ಈ ಲೇಖನ.

ಮೊದಲು ಕಾಯಿಲೆಯ ವಿಷಯ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೆ ಒಂದು ಸಾಯತೊಡಗಿದವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲಿ ಜನರಿಗೆ ಜೋರು ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದರು. ಆಫ್ರಿಕಾದ ಹಳದಿ ಜ್ವರ ಇಲ್ಲಿಗೂ ಬಂತೇ ಎಂದು ಮೊದಲು ಹೆದರಿದರು. ಪರೀಕ್ಷೆ ಮಾಡಿದಾಗ ಅದು ಹೊಸ ವೈರಸ್, ರಷ್ಯಾ ಕಡೆಯ ಒಂದು ಜ್ವರದ ವೈರಸ್ಸಿಗೆ ಹತ್ತಿರದ ಸಂಬಂಧಿ ಎಂದು ತಿಳಿಯಿತು. ಹಾಗಾದರೆ ಸೈಬೀರಿಯಾದಿಂದ ವಲಸೆ ಬರುವ ಹಕ್ಕಿಗಳೇ ಇದನ್ನು ತಂದವೇನೋ ಎಂದು ಇನ್ನೊಂದು ಊಹೆ ಎದ್ದಿತು. ಪ್ರಸಿದ್ಧ ಪಕ್ಷಿತಜ್ಞ ಸಲೀಂ ಅಲಿಯವರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆಯನ್ನು ಅಭ್ಯಾಸ ಮಾಡಲು ವಿಶ್ವ ಆರೋಗ್ಯ ಸಂಸ್ಥೆ ನೆರವು ಕೊಟ್ಟದ್ದರ ಹಿಂದೆ ಈ ಅನುಮಾನವೂ ಇತ್ತು. ಕೊನೆಗೆ ಗೊತ್ತಾದದ್ದು ಇಷ್ಟು: ರೋಗ ಹರಡುವುದು ಕಾಡಿನ ಉಣುಗು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. (ಬೇರೆ ಊರಿನವರು ಕ್ಯಾಸನೂರು ಅಂದ ಕೂಡಲೇ "ಮಂಗನ ಕಾಯಿಲೆ ಊರಾ?" ಅಂತ ಕೇಳುತ್ತಾರೆ. ನಮ್ಮ ಊರು ಪ್ರಪಂಚದ ವೈದ್ಯಕೀಯ ಪುಸ್ತಕಗಳಲ್ಲಿ ಇದೆ ನಿಜ, ಆದರೆ ಬೇರೆ ಕಾರಣಕ್ಕೆ ಇದ್ದಿದ್ದರೆ ಚೆನ್ನಾಗಿತ್ತು.)

ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇವರೆಗೆ. ಆಗ ಎಳ್ಳುಕಾಳಿನಷ್ಟು ಸಣ್ಣ ಮರಿ ಉಣುಗುಗಳು ದರಗಿನಲ್ಲಿ ತುಂಬಿರುತ್ತವೆ. ನಮ್ಮ ಜನ ಸೌದೆಗೆ, ಕೊಟ್ಟಿಗೆಯ ದರಗಿಗೆ ಕಾಡಿಗೆ ಹೋಗುವುದೂ ಆಗಲೇ. ಕಾಯಿಲೆ ಬಂದ ನೂರು ಜನರಲ್ಲಿ 3ರಿಂದ 5 ಜನ ಸಾಯುತ್ತಾರೆ. ಇದಕ್ಕೆಂದೇ ಔಷಧಿ ಇಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂದು ಅದನ್ನು 2022ರಲ್ಲಿ ನಿಲ್ಲಿಸಿದರು. ಆದ್ದರಿಂದ ಎಲ್ಲಿ ಬರುತ್ತದೆ ಎಂದು ಹದಿನೈದು ದಿನ ಮೊದಲು ತಿಳಿದರೂ ದೊಡ್ಡ ಉಪಕಾರ.

ಇನ್ನು ಯಂತ್ರ ಹೇಗೆ ಕಲಿಯುತ್ತದೆ ಎಂಬುದು. ಅದಕ್ಕೆ ಯಾರೂ ರೋಗದ ಪಾಠ ಮಾಡುವುದಿಲ್ಲ. ಹಿಂದಿನ ವರ್ಷಗಳ ಪಟ್ಟಿ ಕೊಡುತ್ತಾರೆ. ಈ ಊರಿನ ಹತ್ತಿರ ಕಾಡು ಎಷ್ಟು, ತೋಟ ಎಷ್ಟು, ದನ ಎಷ್ಟು, ಮಳೆ ಎಷ್ಟು, ಮಂಗ ಸತ್ತಿತ್ತೇ, ಆಮೇಲೆ ಜನರಿಗೆ ಕಾಯಿಲೆ ಬಂತೇ ಇಲ್ಲವೇ. ಯಂತ್ರ ಅದನ್ನು ನೋಡಿ ತಾನೇ ಪ್ರಶ್ನೆಗಳ ಒಂದು ಮರ ಕಟ್ಟಿಕೊಳ್ಳುತ್ತದೆ. ಕಾಡಿನ ಅಂಚಿನ ಊರೇ? ಹೌದಾದರೆ ಈ ಕೊಂಬೆಗೆ ಹೋಗು. ದನ ಜಾಸ್ತಿ ಇವೆಯೇ? ಇದ್ದರೆ ಆ ಕೊಂಬೆಗೆ ಹೋಗು. ಮೊದಲ ಮರ ಎಲ್ಲೆಲ್ಲಿ ತಪ್ಪಿತೋ ಅದನ್ನು ತಿದ್ದಲು ಎರಡನೇ ಮರ, ಅದರ ತಪ್ಪು ತಿದ್ದಲು ಮೂರನೆಯದು, ಹೀಗೆ ನೂರಾರು. 2023ರಲ್ಲಿ ಸೈಂಟಿಫಿಕ್ ರಿಪೋರ್ಟ್ಸ್ ಎಂಬ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಈ ರೀತಿಯ ಮರಗಳಿಂದಲೇ ಮಂಗನ ಕಾಯಿಲೆಯನ್ನು ಊಹಿಸಲು ನೋಡಿತು. ಅದಕ್ಕೂ ಮೊದಲು, 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಲೆಕ್ಕ ಹಿಡಿದು ಅಪಾಯದ ನಕ್ಷೆ ಮಾಡಿದ್ದರು. ಹಸಿರು ಕಾಡು, ತೋಟ ಎಲ್ಲ ಬೆರೆತಿರುವ ಕಡೆಯೇ ಅಪಾಯ ಹೆಚ್ಚು ಎಂದು ಅದು ಹೇಳಿತು. ನಮ್ಮ ಮನೆ ಹಿತ್ತಿಲಲ್ಲಿ ನಿಂತು ನೋಡಿದರೆ ಕಾಣುವುದು ಅದೇ ಅಲ್ಲವೇ!

ಈ ಕಲಿಕೆಯಲ್ಲಿ ಒಂದು ತೊಡಕಿದೆ. ನನಗೆ ತುಂಬಾ ಹಿಡಿಸಿದ ಭಾಗ ಇದು. ಲೆಕ್ಕಕ್ಕಾಗಿ 1000 ಸಾಲಿನ ಪಟ್ಟಿ ಇದೆ ಎಂದುಕೊಳ್ಳಿ. ಅದರಲ್ಲಿ ಕಾಯಿಲೆ ಬಂದದ್ದು 5 ಸಾಲಿನಲ್ಲಿ ಮಾತ್ರ. ಒಂದು ಸೋಮಾರಿ ಯಂತ್ರ ಏನೂ ಕಲಿಯದೆ ಪ್ರತಿ ಸಾಲಿಗೂ "ಬರಲ್ಲ, ಬರಲ್ಲ" ಅಂದರೂ 995 ಸಲ ಸರಿ. ಅಂದರೆ ನೂರಕ್ಕೆ 99.5 ಅಂಕ! ನಮ್ಮ ತರಗತಿಯಲ್ಲಿ ಇಷ್ಟು ಅಂಕ ಯಾರಿಗೂ ಬಂದಿಲ್ಲ. ಆದರೆ ಬೇಕಾದ ಆ 5 ಸಾಲನ್ನೇ ಅದು ಬಿಟ್ಟಿತು. ಈ ತೊಂದರೆ ತಪ್ಪಿಸಲು ಅಧ್ಯಯನ ಮಾಡುವವರು ಕಾಯಿಲೆ ಬಂದ ಸಾಲುಗಳಿಗೆ ಹೆಚ್ಚು ತೂಕ ಸಿಗುವ ಹಾಗೆ ಪಟ್ಟಿಯನ್ನು ಸರಿತೂಗಿಸುತ್ತಾರೆ. ಆದ್ದರಿಂದ ಯಾರಾದರೂ "ಯಂತ್ರ ನೂರಕ್ಕೆ 99 ಸರಿ" ಅಂದರೆ, ಉಳಿದ ಆ ಒಂದು ಯಾವುದು ಸ್ವಾಮಿ ಎಂದು ಕೇಳಬೇಕು.

ಇನ್ನೊಂದು ವಿಷಯ. ಪಟ್ಟಿಗೆ ಆ 5 ಸಾಲುಗಳು ಬರುವುದು ಎಲ್ಲಿಂದ? ಕಾಡು, ಬಿಸಿಲು ಮುಂತಾದುವನ್ನು ಉಪಗ್ರಹ ಮೇಲಿನಿಂದ ಅಳೆಯುತ್ತದೆ. ಮಂಗ ಸತ್ತದ್ದು ಉಪಗ್ರಹಕ್ಕೆ ಕಾಣುವುದಿಲ್ಲ. ಸೌದೆಗೆ ಹೋದವರು ನೋಡಬೇಕು, ಆಶಾ ಕಾರ್ಯಕರ್ತೆಗೆ ಹೇಳಬೇಕು, ಜ್ವರ ಬಂದವರ ರಕ್ತ ತೆಗೆದು ಶಿವಮೊಗ್ಗದ ಪ್ರಯೋಗಾಲಯಕ್ಕೆ ಕಳಿಸಬೇಕು, ಯಾರಾದರೂ ಬರೆದಿಡಬೇಕು. 2023ರ ಅಧ್ಯಯನಕ್ಕೆ ಸುದ್ದಿಯಾದ ಪ್ರಕರಣಗಳೂ ಆಧಾರ. ಹಾಗಾದರೆ ಸುದ್ದಿಯಾಗದ ಮಂಗ? ಅದು ಲೆಕ್ಕಕ್ಕಿಲ್ಲ. ನಾವು ಹೇಳದೇ ಸುಮ್ಮನಿದ್ದ ಊರು ಯಂತ್ರದ ಕಣ್ಣಿಗೆ ಆರೋಗ್ಯವಂತ ಊರು. ಹಾಗೆಯೇ ಒಂದು ಜಿಲ್ಲೆಯಿಂದ ಕಲಿತದ್ದು ಇನ್ನೊಂದು ಕಡೆಗೆ ಸಾಲದೇ ಹೋಗಬಹುದು. ಬಹಳ ವರ್ಷ ನಮ್ಮ ಕಡೆಯದು ಎಂದೇ ತಿಳಿದಿದ್ದ ಈ ಕಾಯಿಲೆ 2012ರಲ್ಲಿ ಬಂಡೀಪುರದ ಕಡೆ, ಆಮೇಲೆ ಕೇರಳ, ಗೋವಾ, ಮಹಾರಾಷ್ಟ್ರದಲ್ಲೂ ಕಾಣಿಸಿತು.

ಕೃತಕ ಬುದ್ಧಿಮತ್ತೆ ಬಂದರೆ ಕೆಲಸ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಪೇಟೆಯಲ್ಲಿ ಕೂತು ಪತ್ರ ಬರೆಯುವ, ಲೆಕ್ಕ ಬರೆಯುವ ಕೆಲಸಕ್ಕೆ ಆ ಭಯ ಇರಬಹುದು. ನಮ್ಮಲ್ಲಿ ನನಗೆ ಕಾಣುವುದು ಬೇರೆ. ಯಂತ್ರದಿಂದ ಆಶಾ ಅಕ್ಕನ ನಡಿಗೆ ಕಡಿಮೆ ಆಗುವುದಿಲ್ಲ, ಹೆಚ್ಚಬಹುದು. ಆದರೆ ಕೂಲಿ ಮಾಡುವವರ ಕೆಲಸದ ಮೇಲೆ ಅದರ ನೆರಳು ಬೀಳುತ್ತದೆ. ಹೇಗೆಂದರೆ, ಯಂತ್ರ "ಬರುತ್ತೆ" ಅಥವಾ "ಬರಲ್ಲ" ಅನ್ನುವುದಿಲ್ಲ. ನೂರಕ್ಕೆ 30, ನೂರಕ್ಕೆ 60 ಎಂದು ಒಂದು ಸಂಖ್ಯೆ ಕೊಡುತ್ತದೆ. ಎಷ್ಟು ಬಂದರೆ ಊರಿಗೆ ಎಚ್ಚರಿಕೆ ಕೊಡಬೇಕು ಎಂದು ಮನುಷ್ಯರೇ ನಿರ್ಧರಿಸಬೇಕು. 60ಕ್ಕೆ ಕಾದರೆ 40 ಇದ್ದ ಊರಿನಲ್ಲಿ ಯಾರಾದರೂ ಸಾಯಬಹುದು. 20ಕ್ಕೇ ಕೊಟ್ಟರೆ ಹತ್ತಾರು ಊರಿನವರು ಸುಮ್ಮನೆ ಕಾಡಿಗೆ ಹೋಗದೆ ಕೂರಬೇಕು. ನಮ್ಮವ್ವ ಜನವರಿಯಲ್ಲಿ ಬೇರೆಯವರ ತೋಟಕ್ಕೆ ದರಗು ಹೊರಲು ಹೋಗುತ್ತಾಳೆ. ಒಂದು ತಿಂಗಳು ಹೋಗಬೇಡ ಎಂದರೆ ಆ ತಿಂಗಳ ಕೂಲಿ ಕೊಡುವವರು ಯಾರು? ಈ ಪ್ರಶ್ನೆಗೆ ಯಂತ್ರದ ಪಟ್ಟಿಯಲ್ಲಿ ಕಾಲಂ ಇಲ್ಲ. ಎರಡು ಸಲ ಎಚ್ಚರಿಕೆ ಸುಳ್ಳಾದರೆ ಮೂರನೇ ಸಲ ಅವ್ವ ಕೇಳುವುದೂ ಇಲ್ಲ, "ಕಂಪ್ಯೂಟರ್ ಏನು ಗಂಜಿ ಹಾಕುತ್ತಾ?" ಅಂತಾಳೆ. ಅವಳದ್ದು ತಪ್ಪು ಎಂದು ನಾನು ಹೇಳಲಾರೆ. ಎಚ್ಚರಿಕೆ ಕೊಡುವ ದಿನವೇ ಮೈಗೆ ಹಚ್ಚುವ ಡೆಪಾ ಎಣ್ಣೆಯೂ, ಕೂಲಿಗೆ ಬದಲಿ ಕೆಲಸವೂ ಊರಿಗೆ ಬಂದರೆ ಮಾತ್ರ ಆ ಸಂಖ್ಯೆಗೆ ಅರ್ಥ. 2020ರ ಅಧ್ಯಯನದವರು ಆರೋಗ್ಯ, ಅರಣ್ಯ, ಪಶುವೈದ್ಯ ಇಲಾಖೆಯವರನ್ನು ಕೇಳಿಯೇ ಕೆಲಸ ಮಾಡಿದ್ದರು, ಅದು ಒಳ್ಳೆಯದು. ಮಿತಿ ಎಷ್ಟಿರಬೇಕು ಎಂದು ಗೊತ್ತುಮಾಡುವಾಗ ದರಗು ಹೊರುವವರೂ ಒಬ್ಬರು ಅಲ್ಲಿ ಕೂತಿರಲಿ ಎಂಬುದು ನನ್ನ ಅಭಿಪ್ರಾಯ. ಗುರುಗಳು ಒಪ್ಪದಿದ್ದರೆ ಈ ಹಾಳೆಯ ಕೆಳಗೆ ಬರೆಯಬಹುದು.

ಡಿಸೆಂಬರ್ ಬರುವುದರೊಳಗೆ ನಮ್ಮ ತರಗತಿಯಲ್ಲಿ ಒಂದು ನೋಟ್‌ಬುಕ್ ಇಡೋಣ ಎಂದುಕೊಂಡಿದ್ದೇವೆ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಮುಟ್ಟಬೇಡಿ. ಸತ್ತ ಮಂಗನ ಮೈಮೇಲಿನ ಉಣುಗುಗಳು ಇಳಿದು ಸುತ್ತಲೂ ಹರಡಿರುತ್ತವೆ. ದೂರದಿಂದಲೇ ನೋಡಿ ಮೂರು ವಿಷಯ ನೆನಪಿಟ್ಟುಕೊಳ್ಳಿ. ಯಾವ ದಿನ ಕಂಡಿರಿ, ಯಾವ ಜಾಗ (ಕೆರೆ ಏರಿಯೋ, ಯಾರ ತೋಟದ ಬೇಲಿಯೋ, ಗುರುತು ಹೇಳಿ), ಸತ್ತದ್ದು ಕಪ್ಪು ಮುಖದ ಮುಸಿಯವೋ ಕೆಂಪು ಮುಖದ ಮಂಗವೋ. ಅವತ್ತೇ ಆಶಾ ಅಕ್ಕನಿಗೆ ತಿಳಿಸಿ, ಮಾರನೇ ದಿನ ನೋಟ್‌ಬುಕ್ಕಿನಲ್ಲಿ ಬರೆಸಿ.