ಸೊನ್ನೆಯ ಎಡಕ್ಕೆ, ಬಲಕ್ಕೆ

ಪ್ರಶ್ನೆ: ಮೇಷ್ಟ್ರೇ, ನನ್ನ ಮಗಳು ಆರನೇ ಕ್ಲಾಸು. 4 + 3 ಎಷ್ಟು ಅಂದರೆ ಥಟ್ಟನೆ 7 ಅನ್ನುತ್ತಾಳೆ. ಅದನ್ನೇ ಸಂಖ್ಯಾರೇಖೆಯ ಮೇಲೆ ಮಾಡು ಅಂದರೆ 6 ಬರುತ್ತದೆ. ಬಾಯಲ್ಲೇ ಬರುವ ಲೆಕ್ಕಕ್ಕೆ ಈ ಗೆರೆ ಯಾಕೆ ಬೇಕು?
— ಗೃಹಿಣಿ, ಶಿಗ್ಗಾವಿ

ಉತ್ತರ: ಪಕ್ಕದಲ್ಲಿ ಕೂತು ಅವಳ ಪೆನ್ಸಿಲ್ ತುದಿಯನ್ನೇ ನೋಡಿ. 4ರ ಮೇಲೆ ಊರಿ ‘ಒಂದು’ ಅನ್ನುತ್ತಾಳೆ, 5ಕ್ಕೆ ‘ಎರಡು’, 6ಕ್ಕೆ ‘ಮೂರು’. ಗೀಟುಗಳನ್ನು ಎಣಿಸುತ್ತಿದ್ದಾಳೆ. 4 ಅವಳು ನಿಂತ ಜಾಗ, ಅಲ್ಲಿ ಇನ್ನೂ ಹೆಜ್ಜೆಯೇ ಇಟ್ಟಿಲ್ಲ. 3 ಎಂಬುದು ನಡೆಯಬೇಕಾದ ಹೆಜ್ಜೆ. ಒಂದು ಗೀಟಿನಿಂದ ಮುಂದಿನದಕ್ಕೆ ಕಮಾನು ಬರೆಸಿ, ಕಮಾನುಗಳನ್ನೇ ಎಣಿಸಲು ಹೇಳಿ. ಅವಳು ಸ್ಕೇಲು ಹಿಡಿಯುವುದನ್ನೂ ಒಮ್ಮೆ ಗಮನಿಸಿ. ಎಷ್ಟೋ ಸ್ಕೇಲುಗಳಲ್ಲಿ ಸೊನ್ನೆ ಇರುವುದು ಅಂಚಿನಿಂದ ತುಸು ಒಳಗೆ. ಮಕ್ಕಳು ಅಂಚಿನಿಂದಲೇ ಅಳೆಯುತ್ತಾರೆ, ಇಲ್ಲವೇ 1ರಿಂದ ಶುರು ಮಾಡುತ್ತಾರೆ.

4 + 3ಕ್ಕೆ ಗೆರೆ ಬೇಡ, ನಿಜ. 3 − 5 ಬಂದಾಗ ಬೆರಳು ಸಾಲುವುದಿಲ್ಲ. ಅಷ್ಟರೊಳಗೆ ಗೆರೆಯ ಮೇಲೆ ನಡೆದು ರೂಢಿಯಾಗಿದ್ದರೆ ಒಳ್ಳೆಯದು.

ಪ್ರಶ್ನೆ: ‘ಮೈನಸ್ ಮೈನಸ್ ಸೇರಿದರೆ ಪ್ಲಸ್’ ಎಂದು ಬಾಯಿಪಾಠ ಮಾಡಿಸಿದ್ದೇನೆ ಸರ್. ಆದರೂ −3 − 5 ಕೊಟ್ಟರೆ ಅರ್ಧ ತರಗತಿ 8 ಎಂದು ಬರೆಯುತ್ತದೆ. −7 ದೊಡ್ಡದು, −3 ಚಿಕ್ಕದು ಎನ್ನುವವರೂ ಇದ್ದಾರೆ.
— ಶಾಲಾ ಶಿಕ್ಷಕಿ, ತಿಪಟೂರು

ಉತ್ತರ: ತಪ್ಪು ಮಕ್ಕಳದ್ದಲ್ಲ, ಆ ಬಾಯಿಪಾಠದ್ದು. ಅದು ಗುಣಾಕಾರದ ನಿಯಮ. ಎರಡು ಮೈನಸ್ ಕಂಡಲ್ಲೆಲ್ಲ ಮಕ್ಕಳು ಅದನ್ನೇ ಹೂಡುತ್ತಾರೆ. ಕೆಲವು ದಿನ ಅದನ್ನು ಬದಿಗಿಡಿ.

ವ್ಯವಕಲನವನ್ನು ಹೀಗೆ ಓದಿಸಿ ನೋಡಿ: 7 − 5 ಎಂದರೆ 5ರಿಂದ 7ಕ್ಕೆ ಹೋಗಲು ಯಾವ ಕಡೆಗೆ, ಎಷ್ಟು ಹೆಜ್ಜೆ? ಬಲಕ್ಕೆ ಎರಡು, ಉತ್ತರ 2. ಈಗ −3 − 5. ಐದರ ಮೇಲೆ ನಿಂತವನು −3ಕ್ಕೆ ಹೋಗಬೇಕು: ಎಡಕ್ಕೆ ಎಂಟು, ಅಂದರೆ −8. ಇನ್ನು ಎಲ್ಲರೂ ಹೆದರುವ −3 − (−5). −5ರಿಂದ −3ಕ್ಕೆ ಬಲಕ್ಕೆ ಎರಡೇ ಹೆಜ್ಜೆ, ಉತ್ತರ 2. ಯಾವ ನಿಯಮವನ್ನೂ ನೆನಪಿಟ್ಟುಕೊಳ್ಳಬೇಕಿಲ್ಲ. ಹೊರಡುವ ಜಾಗ ಯಾವುದು, ತಲುಪುವ ಜಾಗ ಯಾವುದು ಎಂಬುದು ಅದಲುಬದಲಾಗದಿದ್ದರೆ ಸಾಕು.

ದೊಡ್ಡದು ಎಂದರೆ ಹೆಚ್ಚು ಬಲಕ್ಕಿರುವುದು. −7 ಸೊನ್ನೆಯಿಂದ ಹೆಚ್ಚು ದೂರ ಇದೆ, ಆ ದೂರವನ್ನೇ ಮಕ್ಕಳು ದೊಡ್ಡತನ ಅಂದುಕೊಳ್ಳುತ್ತಾರೆ. ಲೇಹ್‌ನಲ್ಲಿ ಒಂದು ರಾತ್ರಿ −3 ಡಿಗ್ರಿ, ಮರುರಾತ್ರಿ −7 ಎಂದಿಟ್ಟುಕೊಂಡು, ಯಾವತ್ತು ಉಷ್ಣಾಂಶ ಕಡಿಮೆ ಎಂದು ಕೇಳಿ.

ದಿಕ್ಕಿನ ಈ ವಿಚಾರ ಹಳೆಯದು. ಬ್ರಹ್ಮಗುಪ್ತ ಕ್ರಿ.ಶ. 628ರಲ್ಲೇ ಧನ–ಋಣಗಳ ನಿಯಮ ಬರೆದ, ಆಸ್ತಿ–ಸಾಲದ ಭಾಷೆಯಲ್ಲಿ. 1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯ ಒಂದು ತ್ರಿಭುಜ ಕೊಡುತ್ತಾನೆ: ಬಾಹುಗಳು 10, 17, ಪಾದ 9. ಶೃಂಗದಿಂದ ಇಳಿಬಿಟ್ಟ ಲಂಬ ಪಾದವನ್ನು ಎರಡು ತುಂಡು ಮಾಡಬೇಕು. ಲೆಕ್ಕ ಹಾಕಿದರೆ ಅವು 15 ಮತ್ತು −6! ಭಾಸ್ಕರ ಗಾಬರಿಯಾಗುವುದಿಲ್ಲ. ಋಣ ಬಂದದ್ದು ದಿಕ್ಕು ತಿರುಗಿದ್ದರಿಂದ, ಲಂಬ ತ್ರಿಭುಜದ ಹೊರಗೆ ಬಿದ್ದಿದೆ ಎಂದು ಅರ್ಥ ಮಾಡುತ್ತಾನೆ. ಹೈಸ್ಕೂಲಿನವರಿಗೆ ಈ ಚಿತ್ರ ಬರೆಯಲು ಕೊಡಿ, ಲಂಬದ ಎತ್ತರ ಸರಿಯಾಗಿ 8 ಬರುತ್ತದೆ. ಇಂಗ್ಲೆಂಡಿನ ಜಾನ್ ವಾಲಿಸ್ 1685ರ ತನ್ನ ಬೀಜಗಣಿತದ ಗ್ರಂಥದಲ್ಲಿ ಒಬ್ಬನನ್ನು 5 ಗಜ ಮುಂದೆ ನಡೆಸಿ, 8 ಗಜ ಹಿಂದೆ ಬರಿಸಿ, ಅವನೀಗ −3ರಲ್ಲಿ ನಿಂತಿದ್ದಾನೆ ಎಂದ. ನೀವು ಕರಿಹಲಗೆಯ ಮೇಲೆ ಎಳೆಯುವುದು ಹೆಚ್ಚುಕಡಿಮೆ ಆ ಗೆರೆಯೇ.

ಪ್ರಶ್ನೆ: √2 ದಶಮಾಂಶದಲ್ಲಿ ಮುಗಿಯುವುದೇ ಇಲ್ಲವಲ್ಲ ಸರ್? ಮುಗಿಯದ ಸಂಖ್ಯೆಗೆ ರೇಖೆಯ ಮೇಲೆ ಜಾಗ ಹೇಗೆ ಸಿಗುತ್ತದೆ?
— ಒಂಬತ್ತನೇ ತರಗತಿ ವಿದ್ಯಾರ್ಥಿ, ಸುಳ್ಯ

ಉತ್ತರ: ಮುಗಿಯದಿರುವುದು ಬರವಣಿಗೆ ಮಾತ್ರ ಮಗೂ. ⅓ ಕೂಡ 0.333… ಎಂದು ಓಡುತ್ತಲೇ ಇರುತ್ತದೆ, ಆದರೂ ಅದರ ಜಾಗದ ಬಗ್ಗೆ ನಿನಗೆ ಅನುಮಾನವಿಲ್ಲ. 1ರ ಮೇಲೆ ಒಂದು ಮಾನದಷ್ಟು ಲಂಬ ಎತ್ತು, ಅದರ ತುದಿಯನ್ನು ಸೊನ್ನೆಗೆ ಸೇರಿಸು. ಪೈಥಾಗೊರಸ್ ಪ್ರಮೇಯದಂತೆ ಆ ವಿಕರ್ಣ √2. ಕೈವಾರದ ಮೊನೆಯನ್ನು ಸೊನ್ನೆಯಲ್ಲಿ ಊರಿ ಅಷ್ಟೇ ಅಳತೆಗೆ ಕಂಸ ಎಳೆದರೆ, 1.41 ಮತ್ತು 1.42ರ ನಡುವೆ ರೇಖೆಯನ್ನು ಕಡಿಯುತ್ತದೆ. ಆ ಬಿಂದುವಿನ ಮೇಲೆ ಮತ್ತೆ ಒಂದು ಮಾನದ ಲಂಬ ಎತ್ತಿದರೆ √3 ಸಿಗುತ್ತದೆ. πಗೂ ರೇಖೆಯ ಮೇಲೆ ಜಾಗವಿದೆ, ಆದರೆ ಬರೀ ಸ್ಕೇಲು–ಕೈವಾರದಿಂದ ಅದನ್ನು ಹಿಡಿಯಲಾಗದು. 1882ರಲ್ಲಿ ಲಿಂಡೆಮನ್ ಕೊಟ್ಟ ಸಾಧನೆಯಿಂದ ಆ ಮಾತು ಇತ್ಯರ್ಥವಾಯಿತು.

ಪ್ರಶ್ನೆ: ಕ್ರಿ.ಪೂ. 10ರಿಂದ ಕ್ರಿ.ಶ. 10ಕ್ಕೆ 20 ವರ್ಷ ತಾನೇ? ಕ್ವಿಜ್‌ನಲ್ಲಿ 19 ಅಂದರು.
— ಪಿಯುಸಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: 19 ಸರಿ. ಇತಿಹಾಸದ ಕಾಲರೇಖೆಯಲ್ಲಿ ಸೊನ್ನೆಯ ವರ್ಷವಿಲ್ಲ, ಕ್ರಿ.ಪೂ. 1 ಮುಗಿದ ಮರುದಿನವೇ ಕ್ರಿ.ಶ. 1. ಖಗೋಳದ ಲೆಕ್ಕದವರು ಈ ರಗಳೆಯೇ ಬೇಡವೆಂದು ಕ್ರಿ.ಪೂ. 1ನ್ನು ಸೊನ್ನೆಯಾಗಿಸಿಕೊಂಡಿದ್ದಾರೆ. ಅವರ ರೇಖೆಯಲ್ಲಿ ನಿನ್ನ ಕ್ರಿ.ಪೂ. 10 ಇರುವುದು −9ರಲ್ಲಿ.