ಬಿ.ಪಿ. ಮಾತ್ರೆ ತಪ್ಪುವುದೇಕೆ?

ಪ್ರಶ್ನೆ: ತಂದೆಗೆ 62 ವರ್ಷ. ಬಿ.ಪಿ. ನಾರ್ಮಲ್ ಬಂದ ಕೂಡಲೇ ಮಾತ್ರೆ ಬಿಡುತ್ತಾರೆ. ಏನು ಮಾಡುವುದು?

ಉತ್ತರ: ಏರಿದ ರಕ್ತದೊತ್ತಡ ಸಾಮಾನ್ಯವಾಗಿ ನೋವು ಕೊಡುವುದಿಲ್ಲ, ಮಾತ್ರೆ ತಪ್ಪಲು ಇದೇ ದೊಡ್ಡ ಕಾರಣ. ಅಳತೆ ಸರಿಯಿರುವುದು ಮಾತ್ರೆಯಿಂದ; ಬಿಟ್ಟರೆ ಬಹುಮಟ್ಟಿಗೆ ಮತ್ತೆ ಏರುತ್ತದೆ. ಇನ್ನೊಂದು ಕಾರಣ, ರೋಗಿ ಬಾಯಿಬಿಡದ ಅಡ್ಡಪರಿಣಾಮ: ಆಮ್ಲೋಡಿಪಿನ್‌ನಿಂದ ಪಾದ ಊದಬಹುದು, ರಾಮಿಪ್ರಿಲ್‌ನಿಂದ ಒಣಕೆಮ್ಮು ಬರಬಹುದು. ವೈದ್ಯರಿಗೆ ತಿಳಿಸಿದರೆ ಬದಲಿ ಔಷಧಿ ಸಿಗುತ್ತದೆ. ಮಾತ್ರೆಗಳು ಹಲವಿದ್ದರೆ ಎರಡು ಔಷಧಿ ಕೂಡಿದ ಒಂದೇ ಮಾತ್ರೆಯನ್ನು ಕೇಳಬಹುದು. ಖರ್ಚಿನ ತೊಡಕಿಗೆ ಜನೌಷಧಿ ಕೇಂದ್ರವಿದೆ. ಮರೆವಿಗೆ, ಬೆಳಗಿನ ಕಾಫಿಯ ಹೊತ್ತೇ ಒಳ್ಳೆಯ ಗುರುತು. ಅಟೆನೊಲಾಲ್‌ನಂಥ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದಂತೂ ಅಪಾಯ. ಅಳತೆ 180/120 ದಾಟಿ ಎದೆನೋವು, ಉಸಿರಾಟದ ತೊಂದರೆ ಅಥವಾ ಮಾತಿನ ತೊದಲು ಕಂಡರೆ ತಕ್ಷಣ 108ಕ್ಕೆ ಕರೆ ಮಾಡಬೇಕು.